ಡ್ರಾಫ್ಟ್ ಮುನ್ಸೂಚನೆ: ಕಾಲೇಜು ಆಟಗಾರರನ್ನು ವೃತ್ತಿಪರ ತಂಡಗಳು ಆರಿಸುವ ಬಗೆ, ಕೊಪ್ಪಳದಿಂದ ಕಂಡಂತೆ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಹೊಸ ಆಟಗಾರರನ್ನು ತಂಡಗಳಿಗೆ ಹಂಚುವ ವಾರ್ಷಿಕ ಕಲಾಪಕ್ಕೆ ಡ್ರಾಫ್ಟ್ ಎಂದು ಹೆಸರು. ಸಾಮಾನ್ಯವಾಗಿ ಜೂನ್ ಕೊನೆಯಲ್ಲಿ ನಡೆಯುವ ಈ ಕಲಾಪಕ್ಕೆ ತಿಂಗಳುಗಟ್ಟಲೆ ಮೊದಲೇ ಯಾವ ವಿದ್ಯಾರ್ಥಿ ಯಾವ ತಂಡದ ಪಾಲಾಗುತ್ತಾನೆ ಎಂಬ ಊಹೆಯ ಪಟ್ಟಿಗಳು ಪ್ರಕಟವಾಗತೊಡಗುತ್ತವೆ. ಊಹಾಪಟ್ಟಿ ತಯಾರಿಸುವುದೇ ಅಲ್ಲಿ ಒಂದು ಉದ್ಯೋಗವಾಗಿ ಬೆಳೆದಿದೆ. ಭಾರತದಲ್ಲಿ ಇದಕ್ಕೆ ಹತ್ತಿರವಾದದ್ದು 2008ರಲ್ಲಿ ಐಪಿಎಲ್ ಕ್ರಿಕೆಟ್ ಹರಾಜಿನೊಂದಿಗೆ ಆರಂಭವಾಗಿ, 2014ರಲ್ಲಿ ಪ್ರೊ ಕಬಡ್ಡಿಗೂ 2022ರಲ್ಲಿ ಖೊ ಖೊ ಆಟಕ್ಕೂ ಹಬ್ಬಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕಾಲೇಜು ಮೈದಾನಗಳಲ್ಲಿ ಆಡುವ ಯುವಕ ಯುವತಿಯರಿಗೆ ಈ ಮುನ್ಸೂಚನೆಯ ವಿದ್ಯೆ ದೂರದ ಸುದ್ದಿಯಂತೆ ತೋರಬಹುದಾದರೂ, ಪದವಿಯ ಕೊನೆಯ ವರ್ಷದಲ್ಲಿ ಆಟವನ್ನು ಮುಂದುವರಿಸಬೇಕೆ ಅಥವಾ ನೇಮಕಾತಿ ಪರೀಕ್ಷೆಯ ಪುಸ್ತಕ ಹಿಡಿಯಬೇಕೆ ಎಂಬ ತೀರ್ಮಾನ ನಿಂತಿರುವುದು ಇಂತಹುದೇ ಒಂದು ಲೆಕ್ಕಾಚಾರದ ಮೇಲೆ.

ಸರದಿ ಮತ್ತು ಹರಾಜು

ಎರಡೂ ಒಂದೇ ಎಂದು ತಿಳಿಯುವುದುಂಟು. ವಾಸ್ತವದಲ್ಲಿ ಅವು ಭಿನ್ನ. ಹರಾಜಿನಲ್ಲಿ ಹೆಚ್ಚು ಹಣ ಕೂಗಿದ ತಂಡಕ್ಕೆ ಆಟಗಾರ ಸೇರುತ್ತಾನೆ. ಡ್ರಾಫ್ಟ್‌ನಲ್ಲಿ ಕೂಗಾಟವಿಲ್ಲ, ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ, ಸಂಭಾವನೆಯ ಶ್ರೇಣಿ ಮೊದಲೇ ನಿಗದಿಯಾಗಿರುತ್ತದೆ. ಎನ್‌ಬಿಎಯ ಮೊದಲ ಡ್ರಾಫ್ಟ್ ನಡೆದದ್ದು 1947ರಲ್ಲಿ. 1989ರಿಂದ ಅದು ಎರಡು ಸುತ್ತುಗಳಿಗೆ ಸೀಮಿತವಾಗಿದ್ದು, 30 ತಂಡಗಳ ಈಗಿನ ಲೀಗ್‌ನಲ್ಲಿ ಪೂರ್ಣ ಪಟ್ಟಿಯೆಂದರೆ 60 ಹೆಸರುಗಳು. ಹಿಂದಿನ ಋತುವಿನಲ್ಲಿ ಕಳಪೆಯಾಗಿ ಆಡಿದ ತಂಡಕ್ಕೆ ಮುಂಚಿನ ಸರದಿ ಸಿಗಬೇಕೆಂಬುದು ಮೂಲ ತತ್ತ್ವ. ಆದರೆ ಮುಂಚಿನ ಸರದಿಗಾಗಿ ಬೇಕೆಂದೇ ಸೋಲುವ ತಂಡಗಳು ಹುಟ್ಟಿಕೊಂಡಾವು ಎಂಬ ಶಂಕೆಯಿಂದ 1985ರಲ್ಲಿ ಲಾಟರಿ ಪದ್ಧತಿಯನ್ನು ತರಲಾಯಿತು. 2019ರಲ್ಲಿ ಜಾರಿಗೆ ಬಂದ ನಿಯಮದಂತೆ ಅತ್ಯಂತ ಕೆಳಗಿನ ಮೂರು ತಂಡಗಳಿಗೆ ಮೊದಲ ಸರದಿ ದೊರೆಯುವ ಸಾಧ್ಯತೆ ತಲಾ ಶೇ 14. ಕೇವಲ ಶೇ 1.8ರಷ್ಟು ಸಾಧ್ಯತೆ ಇದ್ದ ಡಲ್ಲಾಸ್ ತಂಡ 2025ರಲ್ಲಿ ಮೊದಲ ಸರದಿ ಪಡೆದು ಡ್ಯೂಕ್ ವಿಶ್ವವಿದ್ಯಾಲಯದ ಕೂಪರ್ ಫ್ಲ್ಯಾಗ್ ಅವರನ್ನು ಆರಿಸಿಕೊಂಡಿತು. ಚೀಟಿ ಎತ್ತುವ ಮುನ್ನ ಬರೆದ ಊಹಾಪಟ್ಟಿಗಳೆಲ್ಲ ಆ ಒಂದು ಸಂಜೆ ತಲೆಕೆಳಗಾದವು. ಯಾರು ಮೊದಲಿಗರೆಂಬುದು ಎಲ್ಲರಿಗೂ ಗೊತ್ತಿತ್ತು. ಯಾವ ಊರಿಗೆ ಹೋಗುತ್ತಾರೆಂಬುದು ಯಾರಿಗೂ ಗೊತ್ತಿರಲಿಲ್ಲ.

ಈ ವ್ಯತ್ಯಾಸ ಮುನ್ಸೂಚನೆಕಾರನಿಗೆ ಮುಖ್ಯವಾದುದು. ಡ್ರಾಫ್ಟ್‌ನಲ್ಲಿ ಒಂದು ತಂಡದ ಆಯ್ಕೆ ಅದರ ಹಿಂದಿನ ತಂಡ ಯಾರನ್ನು ಬಿಟ್ಟಿತು ಎಂಬುದನ್ನು ಅವಲಂಬಿಸಿದೆ. ಒಂದು ಹೆಸರು ತಪ್ಪಿದರೆ ಕೆಳಗಿನ ಸಾಲೆಲ್ಲ ತಪ್ಪುತ್ತದೆ. ಹರಾಜಿನಲ್ಲಿ ತಂಡಗಳ ಕೈಯಲ್ಲಿ ಉಳಿದ ಹಣವೇ ಪ್ರಧಾನ. ಇಬ್ಬರಿಗೆ ಒಬ್ಬನೇ ಬೇಕಾದರೆ ಬೆಲೆ ಏರುತ್ತದೆ, ಒಬ್ಬರಿಗೇ ಬೇಕಾದರೆ ಅದೇ ಆಟಗಾರ ಮೂಲಬೆಲೆಗೆ ಸಿಗುತ್ತಾನೆ. ಹರಾಜಿನ ಬೆಲೆಯನ್ನು ಪ್ರತಿಭೆಯ ಅಳತೆಯೆಂದು ಓದುವ ನಮ್ಮ ರೂಢಿ ಸರಿಯಲ್ಲ. ಅದು ಆ ದಿನದ ಅಭಾವದ ಅಳತೆ.

ಮುನ್ಸೂಚನೆಗೆ ಬೇಕಾಗುವ ಸಾಮಗ್ರಿ

ಬ್ಯಾಸ್ಕೆಟ್‌ಬಾಲ್‌ನಲ್ಲಿ ಊಹೆಯ ಮೊದಲ ಆಧಾರ ಕಾಲೇಜು ಪಂದ್ಯಗಳ ಅಂಕಿ ಅಂಶ. ಆಡಿದ ನಿಮಿಷಗಳು, ಎಸೆತದ ನಿಖರತೆ, ಚೆಂಡು ಕಳೆದುಕೊಂಡ ಪ್ರಮಾಣ, ಎದುರಾಳಿಗಳ ಮಟ್ಟ ಇವೆಲ್ಲವೂ ಪ್ರತಿ ಪಂದ್ಯಕ್ಕೂ ದಾಖಲಾಗಿರುತ್ತವೆ. ಎರಡನೆಯದು ವಯಸ್ಸು. ಒಂದೇ ಸಾಧನೆಯನ್ನು 19ರ ಹುಡುಗ ಮಾಡಿದರೆ ಅದಕ್ಕಿರುವ ಬೆಲೆ 22ರವನು ಮಾಡಿದರೆ ಇರುವುದಿಲ್ಲ. ಬೆಳೆಯಲು ಉಳಿದಿರುವ ವರ್ಷಗಳನ್ನು ತಂಡಗಳು ಕೊಳ್ಳುತ್ತವೆ. 2006ರಿಂದ ಅಮೆರಿಕದ ಆಟಗಾರ 19 ವರ್ಷ ತುಂಬುವ ಕ್ಯಾಲೆಂಡರ್ ವರ್ಷ ಬರುವವರೆಗೆ ಮತ್ತು ಪ್ರೌಢಶಿಕ್ಷಣ ಮುಗಿದು ಒಂದು ವರ್ಷ ಕಳೆಯುವವರೆಗೆ ಡ್ರಾಫ್ಟ್‌ಗೆ ಅರ್ಹನಲ್ಲ. ಆದುದರಿಂದಲೇ ಶ್ರೇಷ್ಠರಾದ ಅನೇಕರು ಕಾಲೇಜಿನಲ್ಲಿ ಒಂದೇ ವರ್ಷ ಕಾಣಿಸಿಕೊಳ್ಳುತ್ತಾರೆ. ಮೂರನೆಯದು ದೇಹದ ಅಳತೆ. ಷಿಕಾಗೊದಲ್ಲಿ ನಡೆಯುವ ಪರೀಕ್ಷಾ ಶಿಬಿರದಲ್ಲಿ ಬರಿಗಾಲಿನ ಎತ್ತರ, ಚಾಚಿದ ತೋಳುಗಳ ಉದ್ದ, ನಿಂತು ಎಟುಕುವ ಎತ್ತರ, ಜಿಗಿತ, ಓಟ ಎಲ್ಲವನ್ನೂ ಅಳೆದು ಪ್ರಕಟಿಸುತ್ತಾರೆ. ನಾಲ್ಕನೆಯದು ತಂಡದ ಕೊರತೆ. ಐದನೆಯದು ಕಿವಿಮಾತು: ಯಾವ ತಂಡ ಯಾರನ್ನು ಖಾಸಗಿ ತಾಲೀಮಿಗೆ ಕರೆಯಿತು, ಯಾರ ವೈದ್ಯಕೀಯ ವರದಿಯಲ್ಲಿ ಮೊಣಕಾಲಿನ ಪ್ರಸ್ತಾಪವಿದೆ ಎಂಬ ಬಗೆಯ ಸುದ್ದಿ.

ಡ್ರಾಫ್ಟ್ ದಿನ ಹತ್ತಿರವಾದಂತೆ ಮೊದಲ ಮೂರು ಆಧಾರಗಳ ತೂಕ ಕುಗ್ಗಿ ಕಿವಿಮಾತಿನ ತೂಕ ಹಿಗ್ಗುತ್ತದೆ. ಆದುದರಿಂದ ಉತ್ತಮ ಮುನ್ಸೂಚನೆ ಎರಡು ಬೇರೆ ಪ್ರಶ್ನೆಗಳನ್ನು ಬೆರೆಸುವುದಿಲ್ಲ. ಒಬ್ಬ ಆಟಗಾರ ಎಷ್ಟು ಒಳ್ಳೆಯವನು ಎಂಬುದು ಒಂದು. ತಂಡಗಳು ಅವನನ್ನು ಎಷ್ಟು ಒಳ್ಳೆಯವನೆಂದು ಭಾವಿಸಿವೆ ಎಂಬುದು ಇನ್ನೊಂದು. ಊಹಾಪಟ್ಟಿ ಉತ್ತರಿಸುವುದು ಎರಡನೆಯ ಪ್ರಶ್ನೆಗೆ ಮಾತ್ರ.

ತಪ್ಪಿದ ಲೆಕ್ಕಗಳು

1984ರಲ್ಲಿ ಎರಡನೆಯ ಸರದಿಯಲ್ಲಿದ್ದ ಪೋರ್ಟ್‌ಲೆಂಡ್ ತಂಡ ಸ್ಯಾಮ್ ಬೋವಿ ಅವರನ್ನು ಆರಿಸಿತು. ಮೂರನೆಯ ಸರದಿಯ ಷಿಕಾಗೊಗೆ ಮೈಕೆಲ್ ಜೋರ್ಡನ್ ಉಳಿದರು. ಇದನ್ನು ಮೂರ್ಖತನವೆಂದು ಹಾಸ್ಯ ಮಾಡುವುದು ಸುಲಭ. ಆದರೆ ಪೋರ್ಟ್‌ಲೆಂಡ್ ಹಿಂದಿನ ವರ್ಷವಷ್ಟೇ ಜೋರ್ಡನ್ ಆಡುವ ಸ್ಥಾನಕ್ಕೇ ಕ್ಲೈಡ್ ಡ್ರೆಕ್ಸ್ಲರ್ ಅವರನ್ನು ತಂದಿತ್ತು, ಅದಕ್ಕೆ ಬೇಕಾಗಿದ್ದುದು ಎತ್ತರದ ಸೆಂಟರ್. ಕೊರತೆಯನ್ನು ನೋಡಿ ಆರಿಸಿದ ತಂಡ ಪ್ರತಿಭೆಯನ್ನು ಕಳೆದುಕೊಂಡಿತು. 2013ರಲ್ಲಿ ಕ್ಲೀವ್‌ಲೆಂಡ್ ತಂಡ ಆಂಟನಿ ಬೆನೆಟ್ ಅವರನ್ನು ಮೊದಲಿಗರಾಗಿ ಕೂಗಿದಾಗ ಊಹಾಪಟ್ಟಿ ಬರೆದವರೇ ಬೆರಗಾದರು. ಬೆನೆಟ್ ಲೀಗ್‌ನಲ್ಲಿ ಉಳಿದದ್ದು ನಾಲ್ಕು ಋತು. ಅದೇ ವರ್ಷ 15ನೆಯವರಾಗಿ ಆಯ್ಕೆಯಾದ ಗ್ರೀಸ್‌ನ ಯಾನಿಸ್ ಆಂಟೆಟೊಕುಂಪೊ ಮತ್ತು ಮರುವರ್ಷ 41ನೆಯವರಾಗಿ ಡೆನ್ವರ್ ಸೇರಿದ ಸರ್ಬಿಯಾದ ನಿಕೊಲಾ ಯೋಕಿಚ್ ಮುಂದೆ ಲೀಗ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿಯನ್ನು ಒಂದಕ್ಕಿಂತ ಹೆಚ್ಚು ಬಾರಿ ಪಡೆದರು. ಇಬ್ಬರೂ ಅಮೆರಿಕದ ಕಾಲೇಜುಗಳ ಹೊರಗಿನವರು. ದಾಖಲೆ ವಿರಳವಾಗಿರುವ ಕಡೆಯಿಂದ ಬಂದವರ ಬಗ್ಗೆ ಊಹೆ ಹೆಚ್ಚು ತಪ್ಪುತ್ತದೆ; ಕೊಪ್ಪಳದ ಓದುಗರು ನೆನಪಿಡಬೇಕಾದ ಅಂಶ ಇದು.

ಭಾರತದ ಹೆಸರು ಈ ಪಟ್ಟಿಯಲ್ಲಿ ಕಾಣಿಸಿಕೊಂಡದ್ದು 2015ರಲ್ಲಿ. ಪಂಜಾಬಿನ ಬರ್ನಾಲಾ ಜಿಲ್ಲೆಯ ಬಲ್ಲೋ ಕೇ ಗ್ರಾಮದ ಸತ್ನಾಮ್ ಸಿಂಗ್ ಭಾಮರಾ ಅವರನ್ನು ಡಲ್ಲಾಸ್ ತಂಡ 52ನೆಯವರಾಗಿ ಆರಿಸಿತು. ಏಳು ಅಡಿ ದಾಟಿದ ಎತ್ತರವೇ ಅವರನ್ನು ಬಾಲ್ಯದಲ್ಲಿ ಫ್ಲಾರಿಡಾದ ತರಬೇತಿ ಕೇಂದ್ರಕ್ಕೆ ಕೊಂಡೊಯ್ದಿತ್ತು. ಎನ್‌ಬಿಎಯ ಋತುವಿನ ಪಂದ್ಯವೊಂದನ್ನೂ ಅವರು ಆಡಲಿಲ್ಲ. ಕೆಳಸ್ತರದ ಲೀಗ್‌ನಲ್ಲಿ ಆಡಿ, ಮುಂದೆ ವೃತ್ತಿಪರ ಕುಸ್ತಿ ಪ್ರದರ್ಶನದ ಕಡೆ ಸರಿದರು. ಆಯ್ಕೆಯಾಗುವುದು ಬೇರೆ, ಆಡುವುದು ಬೇರೆ.

ಬ್ಯಾಂಕ್ ತಂಡಗಳ ಕಾಲ

ಕರ್ನಾಟಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರನ ಡ್ರಾಫ್ಟ್ ಎಂದರೆ ದೀರ್ಘಕಾಲ ನೌಕರಿಯ ಆದೇಶವೇ ಆಗಿತ್ತು. ವಿಜಯಾ ಬ್ಯಾಂಕ್, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಮುಂತಾದ ಸಂಸ್ಥೆಗಳು ಸ್ವಂತ ತಂಡ ಕಟ್ಟಿ, ಅಂತರ ವಿಶ್ವವಿದ್ಯಾಲಯ ಮತ್ತು ರಾಜ್ಯ ಕಿರಿಯರ ಪಂದ್ಯಗಳಲ್ಲಿ ಮಿಂಚಿದವರನ್ನು ಗುಮಾಸ್ತ ಹುದ್ದೆಗೆ ತೆಗೆದುಕೊಳ್ಳುತ್ತಿದ್ದವು. ಯಾರು ಯಾವ ಬ್ಯಾಂಕಿಗೆ ಸೇರುತ್ತಾರೆ ಎಂಬ ಊಹೆ ಬೆಂಗಳೂರಿನ ಅಂಗಳಗಳಲ್ಲಿ ಆಗಲೂ ನಡೆಯುತ್ತಿತ್ತು. ಬರೆದು ಪ್ರಕಟಿಸುವವರು ಇರಲಿಲ್ಲ ಅಷ್ಟೇ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾದವು. ವಿಲೀನದ ಚರ್ಚೆಯಲ್ಲಿ ಠೇವಣಿ, ಶಾಖೆ, ಷೇರು ಎಲ್ಲವೂ ಲೆಕ್ಕಕ್ಕೆ ಬಂದವು. ಎರಡು ಬ್ಯಾಂಕುಗಳ ಆಟಗಾರರ ನೇಮಕಾತಿ ಮಾತ್ರ ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. 2022ರಲ್ಲಿ ಆರಂಭವಾದ ಇಂಡಿಯನ್ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಲೀಗ್‌ನ ಮೊದಲ ಋತುವಿನಲ್ಲಿ ಬೆಂಗಳೂರು ಕಿಂಗ್ಸ್ ಎಂಬ ತಂಡವಿತ್ತು. ಆದರೆ ಒಂದು ಋತುವಿನ ಕರಾರು ನಿವೃತ್ತಿಯವರೆಗಿನ ಸಂಬಳಕ್ಕೆ ಸಮನಲ್ಲವೆಂಬುದನ್ನು ಆಟಗಾರರ ಮನೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಕೊಪ್ಪಳ ಜಿಲ್ಲೆಯ ಮಣ್ಣಿನ ಆಟ ಬ್ಯಾಸ್ಕೆಟ್‌ಬಾಲ್ ಅಲ್ಲ. ಇಲ್ಲಿನವು ಕಬಡ್ಡಿ, ಖೊ ಖೊ ಮತ್ತು ಕುಸ್ತಿ, ಇತ್ತೀಚಿನ ದಶಕಗಳಲ್ಲಿ ಕ್ರಿಕೆಟ್. ಆದುದರಿಂದ ಈ ಭಾಗಕ್ಕೆ ಡ್ರಾಫ್ಟ್ ಮುನ್ಸೂಚನೆಯ ನಿಜವಾದ ಪ್ರಶ್ನೆ ಕಬಡ್ಡಿಯ ಪ್ರಶ್ನೆ.

ಕಬಡ್ಡಿ: ಯಾರನ್ನು, ಏಕೆ

ಪ್ರೊ ಕಬಡ್ಡಿಯ ಮೊದಲ ಹರಾಜು 2014ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ನಡೆಯಿತು. ಅಂದಿನ ಗರಿಷ್ಠ ಬೆಲೆ ರಾಕೇಶ್ ಕುಮಾರ್ ಅವರಿಗೆ ಪಟ್ನಾ ತಂಡ ಕೊಟ್ಟ 12.80 ಲಕ್ಷ ರೂಪಾಯಿ. 2018ರಲ್ಲಿ ಮೋನು ಗೋಯತ್ 1.51 ಕೋಟಿಗೆ ಹೋದರು. 2023ರಲ್ಲಿ ಪವನ್ ಸೆಹ್ರಾವತ್ ಅವರಿಗೆ ತೆಲುಗು ಟೈಟನ್ಸ್ ತೆತ್ತದ್ದು 2.60 ಕೋಟಿಗೂ ಮಿಗಿಲು. 2024ರ ಹರಾಜಿನಲ್ಲಿ ಆಟಗಾರರನ್ನು ನಾಲ್ಕು ವರ್ಗಗಳಲ್ಲಿ ಇರಿಸಿ 30, 20, 13 ಮತ್ತು 9 ಲಕ್ಷದ ಮೂಲಬೆಲೆ ನಿಗದಿ ಮಾಡಲಾಗಿತ್ತು. ಪ್ರತಿ ತಂಡದ ಒಟ್ಟು ಮಿತಿ 5 ಕೋಟಿ.

ಕಾಲೇಜು ಆಟಗಾರನ ದೃಷ್ಟಿಯಿಂದ ಮುಖ್ಯವಾದುದು ಈ ಕೋಟಿಗಳಲ್ಲ. ಹರಾಜಿನ ವೇದಿಕೆಗೆ ಬರುವ ಮುನ್ನವೇ ತಂಡಗಳು ಹೊಸ ಯುವ ಆಟಗಾರರ ವರ್ಗದಲ್ಲಿ ಕೆಲವರನ್ನು ನೇರವಾಗಿ ಸೇರಿಸಿಕೊಳ್ಳುತ್ತವೆ. ನವೀನ್ ಕುಮಾರ್ 2018ರಲ್ಲಿ ಹದಿಹರೆಯದಲ್ಲೇ ಈ ಬಾಗಿಲಿನಿಂದ ದೆಹಲಿ ತಂಡದ ಒಳಬಂದವರು. ಕರ್ನಾಟಕದ ಗಗನ ಗೌಡ ಯು.ಪಿ. ಯೋಧಾಸ್ ತಂಡದ ದಾಳಿಗಾರನಾಗಿ 2024ರ ಋತುವಿನಲ್ಲಿ ಹೆಸರು ಮಾಡಿದರು. 2022ರ ಆಗಸ್ಟ್‌ನ ಹರಾಜಿಗೆ ಇನ್ನೊಂದು ಬಾಗಿಲು ತೆರೆಯಿತು: ಆ ವರ್ಷ ಏಪ್ರಿಲ್–ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಮೊದಲ ಎರಡು ಸ್ಥಾನ ಪಡೆದ ಕಬಡ್ಡಿ ತಂಡಗಳ 24 ಆಟಗಾರರನ್ನು ಹರಾಜಿನ ಪಟ್ಟಿಗೆ ಸೇರಿಸಲಾಯಿತು. ವಿಶ್ವವಿದ್ಯಾಲಯದ ತಂಡದಿಂದ ವೃತ್ತಿಪರ ಲೀಗ್‌ಗೆ ನೇರ ದಾರಿ ತೆರೆದದ್ದು ಹೀಗೆ. ಅಮೆರಿಕದ ಡ್ರಾಫ್ಟ್‌ಗೆ ನಮ್ಮಲ್ಲಿ ಅತಿ ಹತ್ತಿರದ ಹೋಲಿಕೆ ಇದೇ.

ಹಾಗಾದರೆ ಯಾರು ಆಯ್ಕೆಯಾಗುತ್ತಾರೆಂದು ಊಹಿಸುವುದು ಹೇಗೆ? ಒಟ್ಟು ಅಂಕಗಳನ್ನು ನೋಡಿದರೆ ದಾರಿ ತಪ್ಪುತ್ತದೆ. ತಂಡದ ಮುಖ್ಯ ದಾಳಿಗಾರ ಹೆಚ್ಚು ಬಾರಿ ಗೆರೆ ದಾಟಿ ಹೋಗುತ್ತಾನೆ, ಹೆಚ್ಚು ಅಂಕ ತರುತ್ತಾನೆ. ನೋಡಬೇಕಾದುದು ನೂರು ದಾಳಿಗೆ ಎಷ್ಟು ಫಲಿಸಿದವು, ಎಷ್ಟು ಬಾರಿ ಸಿಕ್ಕಿಬಿದ್ದ, ಎದುರು ಅಂಕಣದಲ್ಲಿ ಆರೇಳು ಮಂದಿ ಇದ್ದಾಗ ಬೋನಸ್ ಗೆರೆ ತುಳಿದನೇ, ಎರಡು ಖಾಲಿ ದಾಳಿಗಳ ನಂತರದ ಮೂರನೆಯ ಕಡ್ಡಾಯ ದಾಳಿಯಲ್ಲಿ ಏನು ಮಾಡಿದ ಎಂಬುದನ್ನು. ರಕ್ಷಣೆಯಲ್ಲಿ ಮೂಲೆಯ ಆಟಗಾರರಿಗೆ ಇರುವ ಬೇಡಿಕೆ ನಡುವಿನವರಿಗಿಲ್ಲ. ಎಡಮೂಲೆ ಮತ್ತು ಬಲಮೂಲೆಯ ಪಟ್ಟು ಬೇರೆ; ಒಂದು ತಂಡದ ಎಡಮೂಲೆಯವನು ಹೊರನಡೆದರೆ ಅದು ಎಡಮೂಲೆಯವನನ್ನೇ ಹುಡುಕುತ್ತದೆ. ಯಾವ ತಂಡ ಯಾರನ್ನು ಉಳಿಸಿಕೊಂಡಿತು ಎಂಬ ಪಟ್ಟಿ ಹರಾಜಿಗೆ ಮುನ್ನ ಪ್ರಕಟವಾಗುತ್ತದೆ. ಖಾಲಿ ಬಿದ್ದ ಸ್ಥಾನಗಳನ್ನು ಅದರಿಂದ ಎಣಿಸಬಹುದು. ಜತೆಗೆ, ಬೇರೆಯವರು ಕೂಗಿದ ಕೊನೆಯ ಬೆಲೆಗೇ ತನ್ನ ಹಳೆಯ ಆಟಗಾರನನ್ನು ಮರಳಿ ಪಡೆಯುವ ಹಕ್ಕಿನ ಕಾರ್ಡು ತಂಡಗಳ ಬಳಿ ಇರುತ್ತದೆ. ಅದು ಯಾವಾಗ ಹೊರಬೀಳುತ್ತದೆ ಎಂಬುದು ಲೆಕ್ಕಕ್ಕೆ ಸಿಗದ ವಿಷಯ.

ಎಷ್ಟು ಜಾಣರಾದರೂ ಎಡವುತ್ತಾರೆ. ಪರ್ದೀಪ್ ನರ್ವಾಲ್ 2015ರಲ್ಲಿ ಮೊದಲು ಆಡಿದ್ದು ಬೆಂಗಳೂರು ಬುಲ್ಸ್ ಪರವಾಗಿ. ಅವರನ್ನು ಉಳಿಸಿಕೊಳ್ಳದ ಬುಲ್ಸ್, ಮುಂದೆ ಅವರೇ ಪಟ್ನಾಕ್ಕೆ ಸತತ ಮೂರು ಪ್ರಶಸ್ತಿ ತಂದುಕೊಡುವುದನ್ನು ನೋಡಬೇಕಾಯಿತು. 2021ರಲ್ಲಿ 1.65 ಕೋಟಿ ಬೆಲೆ ಬಾಳಿದ, ಲೀಗ್‌ನಲ್ಲಿ 1,800 ದಾಳಿ ಅಂಕ ಮುಟ್ಟಿದ ಅದೇ ನರ್ವಾಲ್ 2025ರ ಹರಾಜಿನಲ್ಲಿ ಯಾರಿಗೂ ಬೇಡವಾಗಿ ನಿವೃತ್ತಿ ಘೋಷಿಸಿದರು. ಇನ್ನೊಂದು ತುದಿಯಲ್ಲಿ ದೇವಾಂಕ್ ದಲಾಲ್: 2024ರ ಋತುವಿನಲ್ಲಿ ಪಟ್ನಾ ಪರವಾಗಿ 301 ದಾಳಿ ಅಂಕ ಗಳಿಸಿ ಮರುವರ್ಷ 2.20 ಕೋಟಿಗೂ ಹೆಚ್ಚು ಬೆಲೆಗೆ ಬೆಂಗಾಲ್ ವಾರಿಯರ್ಸ್ ಸೇರಿದರು. ಅದಕ್ಕೆ ಮೊದಲು ಅವರ ಹೆಸರು ಹೆಚ್ಚು ಜನರ ಊಹಾಪಟ್ಟಿಯಲ್ಲಿ ಇರಲಿಲ್ಲ.

ಕನ್ನಡಿಗರ ದೂರು ಒಂದಿದೆ: ಬುಲ್ಸ್ ತಂಡದಲ್ಲಿ ಕನ್ನಡ ಮಾತನಾಡುವವರು ಕಡಿಮೆ. 2019ರ ಜನವರಿಯಲ್ಲಿ ಗುಜರಾತ್ ವಿರುದ್ಧ 38–33ರಿಂದ ಪ್ರಶಸ್ತಿ ಗೆದ್ದ ಅಂತಿಮ ಪಂದ್ಯದಲ್ಲಿ 22 ಅಂಕ ತಂದ ಪವನ್ ಸೆಹ್ರಾವತ್ ದೆಹಲಿಯ ಕಡೆಯವರು. ದೂರು ನಿಜ, ಆದರೆ ಹರಾಜಿನ ನಿಯಮದಲ್ಲಿ ತಂಡದ ಹೆಸರಿಗೂ ಆಟಗಾರನ ಊರಿಗೂ ಸಂಬಂಧವಿಲ್ಲ. ಕರ್ನಾಟಕದವರೇ ಆದ ತರಬೇತುದಾರ ಬಿ.ಸಿ. ರಮೇಶ್ 2019ರಲ್ಲಿ ಬೆಂಗಾಲ್ ತಂಡಕ್ಕೂ 2024ರಲ್ಲಿ ಪುಣೆ ತಂಡಕ್ಕೂ ಪ್ರಶಸ್ತಿ ಗೆಲ್ಲಿಸಿಕೊಟ್ಟ ಬಳಿಕ 2025ರ ಋತುವಿಗೆ ಬುಲ್ಸ್‌ಗೆ ಬಂದರು. ಹೊಸಬರನ್ನು ಯಾವ ಮೈದಾನದಲ್ಲಿ ಹುಡುಕಬೇಕೆಂಬುದನ್ನು ತರಬೇತುದಾರನೇ ಬಹುಮಟ್ಟಿಗೆ ನಿರ್ಧರಿಸುವುದರಿಂದ, ಇಂತಹ ನೇಮಕ ಮುನ್ಸೂಚನೆಕಾರನ ದೃಷ್ಟಿಯಲ್ಲಿ ಯಾವ ಅಂಕಿಗಿಂತಲೂ ಕಡಿಮೆಯದಲ್ಲ.

ಖೊ ಖೊ: ಹೆಸರಿಗೆ ತಕ್ಕ ಡ್ರಾಫ್ಟ್

ಸರದಿಯ ಪ್ರಕಾರ ಆರಿಸುವ ನಿಜವಾದ ಡ್ರಾಫ್ಟ್ 2022ರ ಅಲ್ಟಿಮೇಟ್ ಖೊ ಖೊದಲ್ಲಿ ನಡೆಯಿತು. ಆರು ತಂಡಗಳು, ನಾಲ್ಕು ವರ್ಗಗಳು. ವರ್ಗಕ್ಕೆ ತಕ್ಕಂತೆ 5 ಲಕ್ಷ, 3 ಲಕ್ಷ, 1.5 ಲಕ್ಷ ಮತ್ತು 1 ಲಕ್ಷ ರೂಪಾಯಿ ನಿಗದಿ. ಪುಣೆಯ ಬಾಲೆವಾಡಿಯಲ್ಲಿ ನಡೆದ ಮೊದಲ ಋತುವನ್ನು ಒಡಿಶಾ ಜಗ್ಗರ್‌ನಾಟ್ಸ್, ಕಟಕ್‌ನಲ್ಲಿ 2024ರ ಜನವರಿಯಲ್ಲಿ ಮುಗಿದ ಎರಡನೆಯದನ್ನು ಗುಜರಾತ್ ಜೈಂಟ್ಸ್ ಗೆದ್ದವು. ಕರ್ನಾಟಕದ ತಂಡವೊಂದು ಇರಲಿಲ್ಲ. ಆದರೂ ಕಬಡ್ಡಿಗಿಂತ ಇಲ್ಲಿ ಊಹೆ ಸುಲಭ. ಖೊ ಖೊ ಆಟದಲ್ಲಿ ಓಡಿದ ನಿಮಿಷ–ಸೆಕೆಂಡುಗಳ ಲೆಕ್ಕ ಮೊದಲಿನಿಂದಲೂ ಇಡುತ್ತ ಬಂದಿದ್ದಾರೆ. ಯಾರು ಎಷ್ಟು ಹೊತ್ತು ಸಿಗದೆ ಉಳಿದರು, ಎಷ್ಟು ಜನರನ್ನು ಮುಟ್ಟಿದರು ಎಂಬುದು ರಾಷ್ಟ್ರೀಯ ಪಂದ್ಯಗಳ ಅಂಕಪಟ್ಟಿಯಲ್ಲೇ ಇರುತ್ತದೆ.

2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊ ಖೊ ವಿಶ್ವಕಪ್‌ನಲ್ಲಿ ಭಾರತದ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ ನೇಪಾಳವನ್ನು ಮಣಿಸಿ ಪ್ರಶಸ್ತಿ ಪಡೆದವು. ತಂಡದಲ್ಲಿದ್ದ ಕನ್ನಡಿಗರು ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ. ರಾಜ್ಯ ಸರ್ಕಾರ ಘೋಷಿಸಿದ ತಲಾ 5 ಲಕ್ಷ ರೂಪಾಯಿಯನ್ನು, ಮಹಾರಾಷ್ಟ್ರ ತನ್ನವರಿಗೆ ಕೊಟ್ಟ ಕೋಟಿ ಮೀರಿದ ಬಹುಮಾನ ಮತ್ತು ನೌಕರಿಯೊಂದಿಗೆ ಹೋಲಿಸಿ ಇಬ್ಬರೂ ನಿರಾಕರಿಸಿದ್ದು ಸುದ್ದಿಯಾಯಿತು. ವಿಶ್ವ ವಿಜೇತರೇ ಕೇಳಿದ್ದು ನೌಕರಿಯನ್ನು ಎಂಬುದು ಗಮನಾರ್ಹ.

ರಾಯಚೂರು ವಲಯದ ಕ್ರಿಕೆಟ್

ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ವಿಭಜನೆಯಲ್ಲಿ ಕೊಪ್ಪಳ ಜಿಲ್ಲೆ ರಾಯಚೂರು ವಲಯಕ್ಕೆ ಸೇರುತ್ತದೆ. 2009ರಲ್ಲಿ ಆರಂಭವಾದ ಕರ್ನಾಟಕ ಪ್ರೀಮಿಯರ್ ಲೀಗ್ ಮೋಸದಾಟದ ಆರೋಪ ಹಾಗೂ ಬಂಧನಗಳ ನಡುವೆ 2019ರ ಬಳಿಕ ನಿಂತಿತು. ಆ ಪ್ರಕರಣದ ವಂಚನೆ ಆರೋಪವನ್ನು 2022ರಲ್ಲಿ ಹೈಕೋರ್ಟ್ ರದ್ದು ಮಾಡಿತು. ಅದೇ ವರ್ಷ ಮಹಾರಾಜ ಟ್ರೋಫಿ ಎಂಬ ಹೆಸರಿನಲ್ಲಿ ಲೀಗ್ ಮರಳಿ ಬಂದಾಗ ಮೊದಲ ಬಾರಿಗೆ ಹರಾಜಿನ ಬದಲು ಡ್ರಾಫ್ಟ್ ನಡೆಸಲಾಯಿತು. 5 ಲಕ್ಷದಿಂದ 50 ಸಾವಿರದವರೆಗೆ ನಾಲ್ಕು ವರ್ಗಗಳಿದ್ದವು. ಪ್ರಶಸ್ತಿ ಗೆದ್ದದ್ದು ಕಲ್ಯಾಣ ಕರ್ನಾಟಕದ ಹೆಸರು ಹೊತ್ತ ಗುಲ್ಬರ್ಗ ಮಿಸ್ಟಿಕ್ಸ್. 2023ರಲ್ಲಿ ಮತ್ತೆ ಹರಾಜಿಗೆ ಮರಳಲಾಯಿತು. ಅಭಿನವ್ ಮನೋಹರ್ 15 ಲಕ್ಷಕ್ಕೆ ಶಿವಮೊಗ್ಗ ಸೇರಿದರು.

ಈ ರಾಜ್ಯ ಲೀಗ್‌ಗಳ ನಿಜವಾದ ಬೆಲೆ ಐಪಿಎಲ್ ಹುಡುಕಾಟಗಾರರ ಕಣ್ಣಿಗೆ ಬೀಳುವುದರಲ್ಲಿದೆ. 2015ರಲ್ಲಿ ಕೊಡಗಿನ ಸ್ಪಿನ್ನರ್ ಕೆ.ಸಿ. ಕಾರ್ಯಪ್ಪ ರಾಜ್ಯದ ಹಿರಿಯರ ತಂಡದಲ್ಲಿ ಆಡದೆಯೇ 10 ಲಕ್ಷದ ಮೂಲಬೆಲೆಯಿಂದ 2.40 ಕೋಟಿಗೆ ಏರಿ ಕೋಲ್ಕತ್ತ ತಂಡ ಸೇರಿದರು. ಯಾವ ಊಹಾಪಟ್ಟಿಯಲ್ಲೂ ಇರದಿದ್ದ ಹೆಸರು ಅದು. 2021ರಲ್ಲಿ ಕೆ. ಗೌತಮ್ 20 ಲಕ್ಷದಿಂದ 9.25 ಕೋಟಿಗೆ ಚೆನ್ನೈ ಪಾಲಾದರು. ಆ ಋತುವಿನಲ್ಲಿ ಅವರಿಗೆ ಒಂದು ಪಂದ್ಯವೂ ಸಿಗಲಿಲ್ಲ. 2023ರ ಡಿಸೆಂಬರ್‌ನಲ್ಲಿ ಭಾರತ ತಂಡಕ್ಕೆ ಆಡದ ವೃಂದಾ ದಿನೇಶ್ ಅವರನ್ನು ಯು.ಪಿ. ವಾರಿಯರ್ಸ್ 1.30 ಕೋಟಿ ಕೊಟ್ಟು ಕೊಂಡಾಗ, ಊಹೆ ಮಾಡುವವರು ಮಹಿಳಾ ದೇಶೀಯ ಪಂದ್ಯಗಳ ಅಂಕಪಟ್ಟಿಗಳನ್ನು ಹುಡುಕತೊಡಗಿದರು.

ಹಣ ಕಟ್ಟಿ ಊಹಿಸುವ ಆನ್‌ಲೈನ್ ಆಟಗಳು ಒಂದು ಕಾಲಕ್ಕೆ ಈ ಲೀಗ್‌ಗಳ ಸುತ್ತಲೇ ಬೆಳೆದಿದ್ದವು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಅಂತಹ ಆಟಗಳನ್ನು ನಿಷೇಧಿಸಿತು. ಪತ್ರಿಕೆಯ ಊಹಾಪಟ್ಟಿಗೆ ಈ ಕಾಯ್ದೆಯ ಅಡ್ಡಿಯಿಲ್ಲ.

ನಾಲ್ಕು ತಾಲ್ಲೂಕುಗಳ ಸ್ಥಿತಿ

ಕೊಪ್ಪಳ ಜಿಲ್ಲೆ 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟಾಗ ಇದ್ದವು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕೇ ತಾಲ್ಲೂಕುಗಳು. ಕನಕಗಿರಿ, ಕಾರಟಗಿ, ಕುಕನೂರು ಇವುಗಳಿಂದ ಬಳಿಕ ಒಡೆದವು. ತುಂಗಭದ್ರೆಯ ಕಾಲುವೆ ನೀರಿನ ಗಂಗಾವತಿಗೂ ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳಿಗೂ ಬದುಕಿನಲ್ಲಿ ಅಂತರವಿದೆ. ಆಟದಲ್ಲಿ ಮಾತ್ರ ಅಷ್ಟಿಲ್ಲ. ಜಾತ್ರೆ, ಉರುಸು, ಗಣೇಶೋತ್ಸವ, ಕನ್ನಡ ರಾಜ್ಯೋತ್ಸವ ಯಾವ ನೆಪವಾದರೂ ಸರಿ, ಹೊನಲು ಬೆಳಕಿನ ಮುಕ್ತ ಕಬಡ್ಡಿ ಪಂದ್ಯಾವಳಿಗೆ ಊರು ಸಿದ್ಧವಿರುತ್ತದೆ.

ಮುನ್ಸೂಚನೆಯ ತೊಡಕು ಇಲ್ಲೇ ಆರಂಭವಾಗುತ್ತದೆ. ಇಂತಹ ಪಂದ್ಯಗಳಲ್ಲಿ ಗೆದ್ದ ತಂಡದ ಹೆಸರು, ಬಹುಮಾನದ ಮೊತ್ತ, ಉದ್ಘಾಟಿಸಿದ ಗಣ್ಯರ ಪಟ್ಟಿ ಎಲ್ಲವೂ ಸುದ್ದಿಯಲ್ಲಿ ಬರುತ್ತವೆ. ಯಾರು ಎಷ್ಟು ದಾಳಿ ಮಾಡಿದರು, ಎಷ್ಟು ಪಟ್ಟು ಹಾಕಿದರು ಎಂಬುದು ಬರುವುದಿಲ್ಲ. ಅಂಕಪಟ್ಟಿ ಬರೆದ ಹಾಳೆ ಮರುದಿನ ಪೆಂಡಾಲಿನೊಂದಿಗೇ ಹೋಗಿರುತ್ತದೆ. ಹರಿಯಾಣದ ಹಳ್ಳಿಯ ಹುಡುಗನಿಗೂ ಕುಷ್ಟಗಿಯ ಹುಡುಗನಿಗೂ ಇರುವ ಅಂತರ ತೋಳ್ಬಲದ್ದಷ್ಟೇ ಅಲ್ಲ. ಅಲ್ಲಿ ನೋಡಲು ಬರುವವರಿದ್ದಾರೆ, ಬರೆದಿಡುವವರಿದ್ದಾರೆ. ಇನ್ನೊಂದು ಅಂತರ ನೆಲದ್ದು. ಮಣ್ಣಿನಲ್ಲಿ ಕಲಿತ ಕಾಲು ಮ್ಯಾಟ್ ಮೇಲೆ ಬೇರೆ ರೀತಿ ತಿರುಗಬೇಕಾಗುತ್ತದೆ. ಆಯ್ಕೆ ಶಿಬಿರದಲ್ಲಿ ಮೊದಲ ಬಾರಿ ಮ್ಯಾಟ್ ತುಳಿದವನು ತನ್ನ ಆಟದ ಅರ್ಧವನ್ನೂ ತೋರಿಸಲಾರ.

ಬ್ಯಾಸ್ಕೆಟ್‌ಬಾಲ್‌ನ ಅಮೆರಿಕದಲ್ಲಿ ಕಾಲೇಜು ವಹಿಸುವ ಪಾತ್ರವನ್ನು ಇಲ್ಲಿ ವಹಿಸಬೇಕಾದದ್ದು ವಿಶ್ವವಿದ್ಯಾಲಯದ ತಂಡ. ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಒಂದು ವಿಶ್ವವಿದ್ಯಾಲಯದಿಂದ ಹೋಗುವುದು ಒಂದೇ ತಂಡ, ಕಬಡ್ಡಿಯಾದರೆ 12 ಮಂದಿ. ಜಿಲ್ಲೆಯ ಕಾಲೇಜುಗಳು ಗುಲ್ಬರ್ಗ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದಾಗ ಬೀದರ್‌ನಿಂದ ಬಳ್ಳಾರಿಯವರೆಗಿನ ವಿದ್ಯಾರ್ಥಿಗಳೊಂದಿಗೆ ಈ 12 ಸ್ಥಾನಗಳಿಗೆ ಪೈಪೋಟಿ ಇತ್ತು. 2010ರಲ್ಲಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಪೈಪೋಟಿಯ ವ್ಯಾಪ್ತಿ ಕುಗ್ಗಿತು. 2023ರಲ್ಲಿ ತಳಕಲ್‌ನಲ್ಲಿ ಕೊಪ್ಪಳ ವಿಶ್ವವಿದ್ಯಾಲಯವೇ ಆರಂಭವಾದಾಗ ಜಿಲ್ಲೆಗೆ ಸ್ವಂತ ತಂಡ ಕಟ್ಟುವ ಅವಕಾಶ ಒದಗಿತು. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿಯು ಹೊಸ ವಿಶ್ವವಿದ್ಯಾಲಯಗಳ ಪೈಕಿ ಕೊಪ್ಪಳವೂ ಸೇರಿ ಒಂಬತ್ತನ್ನು ಮುಚ್ಚುವ ನಿಲುವು ತಳೆದಾಗ ಚರ್ಚೆಯೆಲ್ಲ ಅನುದಾನ, ಕಟ್ಟಡ, ಬೋಧಕ ಹುದ್ದೆಗಳ ಸುತ್ತ ನಡೆಯಿತು. ಪ್ರತಿ ಆಟದ ತಂಡದಲ್ಲೂ ಜಿಲ್ಲೆಯ ಹುಡುಗ ಹುಡುಗಿಯರಿಗೆ ದೊರೆಯಬಹುದಾದ ಸ್ಥಾನಗಳು ಒಂದು ವಿಲೀನದಿಂದ ಕರಗುತ್ತವೆ ಎಂಬ ಮಾತು ಯಾರೂ ಎತ್ತಿದಂತೆ ಕಾಣಲಿಲ್ಲ. ವಿಶ್ವವಿದ್ಯಾಲಯದ ಅಗತ್ಯವನ್ನು ಕಬಡ್ಡಿಯಿಂದ ನಿರ್ಧರಿಸಬೇಕೆಂದಲ್ಲ. ಲೆಕ್ಕ ಹಾಕುವಾಗ ಈ ಸಾಲೂ ಇರಬೇಕು.

ದೂರವೂ ಒಂದು ಅಂಶ. ಬೆಂಗಳೂರಿನ ಆಯ್ಕೆ ಶಿಬಿರಕ್ಕೆ ಕೊಪ್ಪಳದಿಂದ ರಾತ್ರಿಯಿಡೀ ಪ್ರಯಾಣ. ಹಂಪಿ ಎಕ್ಸ್‌ಪ್ರೆಸ್‌ನ ಸಾಮಾನ್ಯ ಬೋಗಿಯಲ್ಲಿ ನಿಂತು ಬಂದು ಬೆಳಿಗ್ಗೆ ಅಂಕಣಕ್ಕಿಳಿಯುವವನಿಗೂ ಮನೆಯಲ್ಲಿ ಮಲಗಿ ಎದ್ದು ಬಂದವನಿಗೂ ಒಂದೇ ಓಟದ ಪರೀಕ್ಷೆ. 2025ರ ಮೇ ತಿಂಗಳಲ್ಲಿ ಯಲಬುರ್ಗಾ ಮಾರ್ಗವಾಗಿ ಕುಷ್ಟಗಿಗೆ ಹುಬ್ಬಳ್ಳಿಯಿಂದ ರೈಲು ಬಂದುದರಿಂದ ಧಾರವಾಡದ ಕಡೆಯ ಶಿಬಿರಗಳಾದರೂ ಹತ್ತಿರವಾದವು.

ಹೀಗಿರುವಾಗ ಈ ಭಾಗದ ಆಟಗಾರ ವಾಸ್ತವದಲ್ಲಿ ಕಾಯುವ ಡ್ರಾಫ್ಟ್ ಯಾವುದು ಎಂದರೆ ರೈಲ್ವೆ, ಅಂಚೆ, ಸೇನೆ ಮತ್ತು ಪೊಲೀಸ್ ಇಲಾಖೆಗಳ ಕ್ರೀಡಾ ಕೋಟಾ. ರಾಜ್ಯದ ಪೊಲೀಸ್ ನೇಮಕಾತಿಯಲ್ಲಿ ಕ್ರೀಡಾಪಟುಗಳಿಗೆ ಮೀಸಲಾತಿ ಇದೆ. ಇದರ ಜತೆಗೆ 371ಜೆ ವಿಧಿಯ ಪ್ರಾದೇಶಿಕ ಮೀಸಲಾತಿಯೂ ಇಲ್ಲಿನವರಿಗೆ ಅನ್ವಯ. ಇದನ್ನು ಊಹಿಸುವುದು ಹರಾಜಿಗಿಂತ ಸುಲಭ, ಏಕೆಂದರೆ ಮಾನದಂಡ ಲಿಖಿತವಾಗಿದೆ: ಯಾವ ಮಟ್ಟದ ಪಂದ್ಯ, ಯಾವ ಸ್ಥಾನ, ಯಾವ ಸಂಸ್ಥೆಯ ಪ್ರಮಾಣಪತ್ರ. ಮಾನ್ಯತೆಯಿಲ್ಲದ ಸಂಘಟನೆಯ ಹೆಸರಿನಲ್ಲಿ ನಡೆದ ‘ರಾಷ್ಟ್ರೀಯ’ ಪಂದ್ಯಾವಳಿಯ ಹೊಳೆಯುವ ಪ್ರಮಾಣಪತ್ರ ಹಿಡಿದು ಬಂದು ಕಚೇರಿಯ ಕಿಟಕಿಯಲ್ಲಿ ಹಿಂದಿರುಗುವವರ ಸಂಖ್ಯೆ ಕಡಿಮೆಯೇನಲ್ಲ. ಪ್ರವೇಶ ಶುಲ್ಕ ಕಟ್ಟುವ ಮುನ್ನ ಆ ಸಂಘಟನೆಗೆ ರಾಜ್ಯ ಅಥವಾ ರಾಷ್ಟ್ರೀಯ ಫೆಡರೇಷನ್‌ನ ಮಾನ್ಯತೆ ಇದೆಯೇ ಎಂದು ವಿಚಾರಿಸುವುದು ಕ್ಷೇಮ.

ವೃತ್ತಿಪರ ತಂಡದ ಕಡೆ ಮುಖ ಮಾಡಿದವರಿಗೆ ಬೇಕಾದ ಸಾಮಗ್ರಿಯೂ ಹೆಚ್ಚಿನದಲ್ಲ. ಜನನ ದಾಖಲೆ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದೇ ಹುಟ್ಟಿದ ದಿನಾಂಕ, ಜಿಲ್ಲಾ ಸಂಸ್ಥೆಯ ನೋಂದಣಿ, ವಿಶ್ವವಿದ್ಯಾಲಯದ ಆಯ್ಕೆಪತ್ರ, ಅಂಕಣವಿಡೀ ಕಾಣುವಂತೆ ಎತ್ತರದಿಂದ ತೆಗೆದ ಎರಡು ಮೂರು ಪೂರ್ಣ ಪಂದ್ಯಗಳ ವಿಡಿಯೊ. ಗೆದ್ದ ದಾಳಿಗಳನ್ನಷ್ಟೇ ಕತ್ತರಿಸಿ ಸಂಗೀತ ಸೇರಿಸಿದ ತುಣುಕುಗಳಿಂದ ತರಬೇತುದಾರರಿಗೆ ಪ್ರಯೋಜನವಿಲ್ಲ. ಸಿಕ್ಕಿಬಿದ್ದ ದಾಳಿಗಳೂ ಅವರಿಗೆ ಕಾಣಬೇಕು. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಪ್ರತಿ ಪಂದ್ಯದ ದಾಳಿ, ಪಟ್ಟು, ಬೋನಸ್‌ಗಳನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆಸಿಟ್ಟರೆ, ಎರಡು ವರ್ಷಗಳಲ್ಲಿ ಗಂಗಾವತಿಯಿಂದಲೂ ಕುಷ್ಟಗಿಯಿಂದಲೂ ಊಹಾಪಟ್ಟಿ ಬರೆಯುವಷ್ಟು ಸಾಮಗ್ರಿ ಕೂಡುತ್ತದೆ.